ಗಡಬಡಿ ಮಂದಿಯ ಡಬ್ಬಿ

ಇವತ್ತು ನಳದ ನೀರು ಬರುವ ದಿನ. ಎದ್ದ ಕೂಡಲೇ ಕೊಡಗಳನ್ನು ತೊಳೆದು ತುಂಬಿಸಿದೆ. ಅಂಗಳ ಗುಡಿಸಿದೆ, ಹಾಲು ಕಾಯಿಸಿದೆ. ಗಿರಣಿಗೆ ಕಳಿಸಲು ಜೋಳ ಹಸನು ಮಾಡಿದೆ. ಹೊಸ ಜೋಳವಾದ್ದರಿಂದ ಹರಳು ಕಡಿಮೆ, ಕೈ ಬೇಗ ಓಡಿತು. ಯಜಮಾನರ ಅಂಗಿಗೆ ಗುಂಡಿ ಹಚ್ಚಿದೆ. ಅಷ್ಟರಲ್ಲಿ ರಕ್ತ ತೆಗೆಯುವ ಹುಡುಗಿ ಬಂದಳು. ನಮ್ಮ ಜೇವರ್ಗಿಯಲ್ಲೂ ಈಗ ಲ್ಯಾಬಿನವರು ಮನೆಗೇ ಬರುತ್ತಾರೆ. ಯಜಮಾನರು ತೋಳು ಚಾಚಿ, ಮುಖ ಗೋಡೆ ಕಡೆ ತಿರುಗಿಸಿ ಕೂತರು. ಹುಡುಗಿ ಹತ್ತಿಗೆ ಸ್ಪಿರಿಟ್ ಹಾಕಿ ತೋಳು ಒರೆಸಿದಳು. ವಾಸನೆ ಪಡಸಾಲೆಯೆಲ್ಲ ತುಂಬಿತು.

ಬೇರೆಯವರಿಗೆ ಅದು ದವಾಖಾನೆಯ ವಾಸನೆ. ನನಗೆ ಮಾತ್ರ ಅದು ಹಾಡಿನ ವಾಸನೆ. ಹಾಡು ಶುರುವಾಗುವ ಮೊದಲು ಬರುತ್ತಿದ್ದ ವಾಸನೆ...

ಆಳಂದದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಸರ್ಕಾರಿ ದವಾಖಾನೆಯ ಕಂಪೌಂಡರ್ ಇದ್ದರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಕಾಕು. ಕಾಕಾ ಸರಸಂಬಾ ಕಡೆಯವರು. ಸಣ್ಣವರಿದ್ದಾಗ ಊರಿನ ಭಜನೆ ಮೇಳದಲ್ಲಿ ತಾಳ ಹಿಡಿಯುತ್ತಿದ್ದರಂತೆ. ಅವರ ಹತ್ತಿರ ಒಂದು ಕ್ಯಾಸೆಟ್ ಪ್ಲೇಯರ್ ಇತ್ತು. ಕ್ಯಾಸೆಟ್ ಹಾಕುವ ಮೊದಲು ಕಸಬರಿಗೆ ಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟಿನಲ್ಲಿ ಅದ್ದಿ, ಒಳಗಿನ ಹೆಡ್ಡನ್ನು ಒರೆಸುತ್ತಿದ್ದರು. ಒರೆಸಿದ ಹತ್ತಿಯ ಮೇಲೆ ಕಂದು ಬಣ್ಣ ಕಂಡರೆ ಮುಖ ಅರಳುತ್ತಿತ್ತು. "ನೋಡ್ ಬೇ, ಎಷ್ಟ್ ಹೊಲಸ ಬಂತು. ಈಗ ಹೆಂಗ ಹಾಡ್ತಾನ ನೋಡು" ಎನ್ನುತ್ತಿದ್ದರು.

ನಾನಾಗ ಬಿ.ಎ. ಓದುತ್ತಿದ್ದೆ. ಒಂದು ವರ್ಷ ಆಳಂದದ ದವಾಖಾನೆಗೆ ಹೊರಗಿನಿಂದ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಬಂದರು, ಬಹಳ ದಿನ ನಿಲ್ಲಲಿಲ್ಲ. ವರ್ಗವಾಗಿ ಹೊರಡುವ ಹಿಂದಿನ ದಿನ ತಮ್ಮ ಟ್ರಂಕಿನಿಂದ ಒಂದು ಕ್ಯಾಸೆಟ್ ತೆಗೆದು ಕಾಕಾನ ಕೈಗೆ ಕೊಟ್ಟರಂತೆ. ವಿಲಾಯಿತಿಯ ಒಂದು ಬ್ಯಾಂಡು. ಪ್ರೊಗ್ರೆಸಿವ್ ಫೋಕ್ ರಾಕ್ ಅಂತ ಅದರ ಜಾತಿ. ಅಂದರೆ ಅಲ್ಲಿಯ ಹಳ್ಳಿ ಹಾಡುಗಳಿಗೆ ಗಿಟಾರು, ಕೊಳಲು, ಪಿಟೀಲು, ಡ್ರಮ್ಮು ಸೇರಿಸಿ, ಕ್ಯಾಸೆಟ್ಟಿನ ಒಂದು ಬದಿ ತುಂಬುವಷ್ಟು ಹಿಗ್ಗಿಸಿ, ನಡುವೆ ದಾರಿ ಬದಲಿಸಿ ಬದಲಿಸಿ ಹಾಡುವುದು. "ನೀವು ಭಜನೆಯವರು, ನಿಮಗೆ ಹಿಡಿಸುತ್ತದೆ. ಇಂಥ ಬ್ಯಾಂಡುಗಳು ಇನ್ನೂ ಇವೆ, ಯಾರಿಗೂ ಗೊತ್ತಿಲ್ಲ ಅಷ್ಟೆ, ಹುಡುಕಬೇಕು" ಎಂದು ಡಾಕ್ಟರು ಹೇಳಿದ್ದರು. ಬೆಳಗಾದರೆ ಕ್ಯಾಸೆಟ್ ವಾಪಸ್ ಕೊಡಬೇಕಿತ್ತು.

ಆ ಸಂಜೆ ಕರೆಂಟ್ ಇರಲಿಲ್ಲ. ಕಾಕಾ ನಮ್ಮ ಮನೆಯ ಟೇಪ್ ರೆಕಾರ್ಡರ್ ಕೇಳಿ ತಂದು, ಅದಕ್ಕೆ ಅಂಗಡಿಯಿಂದ ಹೊಸ ಸೆಲ್ ಹಾಕಿದರು. ತಮ್ಮ ಪ್ಲೇಯರಿಗೆ ಮಾತ್ರ ಕರೆಂಟ್ ಹೋದಾಗ ಹಾಕುವ, ಒಣಗಿಸಿದ ಹಳೆ ಸೆಲ್ಲುಗಳು. ತೀರಿದ ಸೆಲ್ಲುಗಳನ್ನು ಅವರು ಎಸೆಯುತ್ತಿರಲಿಲ್ಲ. ಮಾಳಿಗೆಯ ಮೇಲೆ ಬಿಸಿಲಿಗಿಟ್ಟು, ಕಾಕು ಹಪ್ಪಳ ಹೊರಳಿಸಿದ ಹಾಗೆ ಹೊರಳಿಸುತ್ತಿದ್ದರು. ಬಿಸಿಲುಂಡ ಸೆಲ್ಲುಗಳು ಇನ್ನಷ್ಟು ದಿನ ನಡೆಯುತ್ತಿದ್ದವು. ನಮ್ಮ ಕಡೆ ಎಲ್ಲರ ಮನೆಯಲ್ಲೂ ಹಾಗೇ.

ಎರಡು ಯಂತ್ರಗಳನ್ನು ಎದುರುಬದುರು ಕೂರಿಸಿ, ಇದರಲ್ಲಿ ಹಾಡು ಹಚ್ಚಿ, ಅದರಲ್ಲಿ ಖಾಲಿ ಕ್ಯಾಸೆಟ್ ಇಟ್ಟು ರೆಕಾರ್ಡಿನ ಗುಂಡಿ ಒತ್ತಿದರು. ಕೆಮ್ಮಬಾರದು, ಬಳೆ ಸಪ್ಪಳ ಮಾಡಬಾರದು ಎಂದು ನನಗೆ ತಾಕೀತು. ಕೊಳಲು ಬಂತು. ಎಷ್ಟು ಸಾವಕಾಶ, ಎಷ್ಟು ತಗ್ಗಿನ ದನಿ... ನಾನು ಉಸಿರು ಹಿಡಿದು ಕೂತಿದ್ದೆ. ಹಾಡು ಅರ್ಧಕ್ಕೆ ಬಂದಾಗ ಅಡುಗೆಮನೆಯಿಂದ ಕಾಕು ಕೂಗಿದರು.

"ರೊಟ್ಟಿ ಆರಾಕತ್ತಾವ, ಬರ್ತೀರೋ ಇಲ್ಲ ನಾಯಿಗೆ ಹಾಕ್ಲೋ?"

ಅದೂ ಕ್ಯಾಸೆಟ್ಟಿನಲ್ಲಿ ಸೇರಿತು. ಆಮೇಲೆ ಎಷ್ಟು ಸಲ ಕೇಳಿದರೂ ಅದೇ ಜಾಗದಲ್ಲಿ ಕಾಕು ಬಂದು ರೊಟ್ಟಿಗೆ ಕರೆಯುತ್ತಿದ್ದರು. ನಮ್ಮ ಮಟ್ಟಿಗೆ ಆ ಬ್ಯಾಂಡಿನಲ್ಲಿ ಅವರೂ ಒಬ್ಬರು.

ಆ ಹಾಡಿನಲ್ಲಿ ಮಾತು ಕಡಿಮೆ. ನಾವೇ ಒಂದು ಕತೆ ಕಟ್ಟಿಕೊಂಡಿದ್ದೆವು. ಒಬ್ಬ ಹೆಣ್ಣುಮಗಳು ಭೀಮಾ ನದಿಯಂಥ ಒಂದು ಹೊಳೆಯ ದಂಡೆಯಲ್ಲಿ ಕೂತು, ಆಚೆ ದಡಕ್ಕೆ ಹೋದವನಿಗಾಗಿ ಕಾಯುತ್ತಿದ್ದಾಳೆ. ಕೊಳಲು ಅವಳ ಅಳು, ನಡುವೆ ಏರುವ ಡ್ರಮ್ಮು ಏರುವ ನೀರು. ಕಾಕಾ ಕಣ್ಣು ಮುಚ್ಚಿ ಕೇಳುತ್ತಿದ್ದರು. ಅಂದೋಲಾ ಮಠದಲ್ಲಿ ಭಜನೆಗೆ ಕೂತವರು ಮಂಗಳ ಹಾಡುವ ತನಕ ಏಳಬಾರದು ಎಂದು ಅವರಿಗೆ ಹಿರಿಯರು ಕಲಿಸಿದ್ದರು. ಕ್ಯಾಸೆಟ್ಟಿಗೂ ಅದೇ ನಿಯಮ. ಒಂದು ಬದಿ ಮುಗಿಯುವವರೆಗೆ ಏಳುವಂತಿಲ್ಲ, ಮಾತಾಡುವಂತಿಲ್ಲ.

ಕಾಕುಗೆ ನಮ್ಮಿಬ್ಬರನ್ನು ಆಡಿಕೊಳ್ಳುವುದೆಂದರೆ ಪ್ರೀತಿ. "ನಿಮ್ಮ ಕೊಳಲಿನವ ಇನ್ನೂ ಅಳಾಕತ್ತಾನೇನ್ರಿ? ಅವನ ಮನ್ಯಾಗ ಯಾರ ಸತ್ತಾರ ಕೇಳ್ರಿ ಒಮ್ಮೆ, ಮಾತಾಡಿಸಿಕೊಂಡ ಬರೂಣು" ಎನ್ನುತ್ತಿದ್ದರು.

ಆಮೇಲೆ ಹುಡುಕಾಟ ಶುರುವಾಯಿತು. ಇಂಥದೇ ಇನ್ನೊಂದು ಬ್ಯಾಂಡು ಬೇಕು. ಕಾಕಾ ಸೊಲ್ಲಾಪುರಕ್ಕೆ ಹೋದಾಗಲೆಲ್ಲ ಹಳೆ ಸಾಮಾನಿನ ಬಜಾರಿನಲ್ಲಿ ಕುಕ್ಕರಗಾಲಲ್ಲಿ ಕೂತು ಕ್ಯಾಸೆಟ್ಟಿನ ರಾಶಿ ಕೆದಕುತ್ತಿದ್ದರು. ಇಂಗ್ಲಿಷ್ ಹೆಸರು ಓದಲು ತೊಡಕು, ಅದಕ್ಕೆ ಅಂಗಡಿಯವನ ಮುಂದೆ ಕೊಳಲಿನ ದಾಟಿಯನ್ನು ಗುನುಗಿ ತೋರಿಸುತ್ತಿದ್ದರು. ಅವನು ಒಮ್ಮೆ ಗಜಲ್ ಕೊಟ್ಟ, ಒಮ್ಮೆ ಮರಾಠಿ ಅಭಂಗ ಕೊಟ್ಟ. ಅಭಂಗ ಕಾಕು ಇಟ್ಟುಕೊಂಡರು. ಹೀಗೆಯೇ ಹುಡುಕುತ್ತ ಒಮ್ಮೊಮ್ಮೆ ನಿಜವಾಗಿಯೂ ಅಂಥದೇ ಜಾತಿಯ ಬ್ಯಾಂಡು ಸಿಗುತ್ತಿತ್ತು, ಯಾರೂ ಕೇಳಿರದ ಹೆಸರಿನದು. ಕವರಿನ ಮೇಲೆ ಗಡ್ಡದವರು, ಕುರಿಗಳು, ಕಲ್ಲಿನ ಸೇತುವೆ. ಆ ಸಂಜೆ ಹೆಡ್ಡು ಒರೆಸಿ, ಚಹಾ ಕುಡಿದು, ಇಬ್ಬರೂ ಗೋಡೆಗೊರಗಿ ಕೂರುತ್ತಿದ್ದೆವು.

ಬದಿ ಮುಗಿದ ಮೇಲೆ ತೀರ್ಪು ಕಾಕಾನದು. ಹಿಡಿಸಿದರೆ "ಆತು" ಎನ್ನುವುದೆಂದು ಠರಾವಾಗಿತ್ತು. ಆದರೆ ಒಮ್ಮೆಯೂ ಅವರು "ಆತು" ಎನ್ನಲಿಲ್ಲ.

"ಕೊಳಲ ಐತಿ, ಪಿಟೀಲ ಐತಿ, ಎಲ್ಲಾ ಐತಿ. ಆದ್ರ ಭಾಳ ಗಡಬಡಿ ಬೇ. ಲಾಸ್ಟ್ ಬಸ್ ಹಿಡಿಯೋ ಮಂದಿ ಇದ್ದಾಂಗ ಅದಾರ."

"ಇನ್ನೊಮ್ಮೆ ಕೇಳೂಣ್ರಿ ಕಾಕಾ, ಚಲೋ ಅದಾರ."

"ಚಲೋ ಅದಾರ, ಯಾರ ಇಲ್ಲಂದ್ರು? ಆದ್ರ ನಮ್ಮಾವ್ರ ಗತೆ ಕುಂತು ಹಾಡಾಂಗಿಲ್ಲ ಇವರು. ನಿಂತ ಹಾಡ್ತಾರ."

ದವಾಖಾನೆಯ ಔಷಧಿ ಬಂದಿದ್ದ ಒಂದು ರಟ್ಟಿನ ಡಬ್ಬಿಯ ಮೇಲೆ ನನ್ನ ಕೈಯಿಂದಲೇ 'ಗಡಬಡಿ ಮಂದಿ' ಎಂದು ಬರೆಸಿದರು. ತೀರ್ಪಿನಲ್ಲಿ ಸೋತವರೆಲ್ಲ ಅದರೊಳಗೆ ಹೋದರು.

ಮುಂದೆ ಕಾಕಾಗೆ ಅಫಜಲಪುರಕ್ಕೆ ವರ್ಗವಾಯಿತು. ನನ್ನನ್ನು ಜೇವರ್ಗಿಗೆ ಕೊಟ್ಟರು. ಇಲ್ಲಿ ನನ್ನ ಸುತ್ತಲಿನವರೆಲ್ಲ ಒಳ್ಳೆಯವರು. ಆದರೆ ಆ ಹಾಡಿನ ಸುದ್ದಿ ಎತ್ತಿದರೆ ಅತ್ತೆಯವರು ನನ್ನ ಹಣೆ ಮುಟ್ಟಿ ನೋಡುತ್ತಿದ್ದರು, ಜ್ವರ ಏನಾದರೂ ಬಂದಿದೆಯೇ ಎಂದು. ಹೊಸ ಕ್ಯಾಸೆಟ್ ಸಿಕ್ಕಾಗ ಕಾಕಾ ಅದನ್ನು ಕೇಳದೆ ಹಾಗೇ ಇಟ್ಟಿರುತ್ತಿದ್ದರು. ನಾನು ಬಿಡುವು ಮಾಡಿಕೊಂಡು ಬಸ್ಸು ಹತ್ತಿ ಹೋದ ಮೇಲೆಯೇ ಹೆಡ್ಡು ಒರೆಸುತ್ತಿದ್ದರು. ಒಬ್ಬರೇ ಕೇಳಿ ತೀರ್ಪು ಕೊಡುವುದು ಸರಿಯಲ್ಲ ಎನ್ನುವುದು ಅವರ ಲೆಕ್ಕ. ಭಜನೆಯಲ್ಲಿ ಮುಂದಿನವರು ಹಾಡಿದ ಸಾಲನ್ನು ಹಿಂದಿನವರು ಎತ್ತಿಕೊಳ್ಳದಿದ್ದರೆ ಆ ಸಾಲು ನೆಲಕ್ಕೆ ಬಿದ್ದ ಹಾಗೆ ಎನ್ನುತ್ತಿದ್ದರು.

ಆಮೇಲೆ ಫೋನುಗಳು ಬಂದವು, ಹುಡುಕುವುದು ಸಲೀಸಾಯಿತು. ಆದರೆ ನಮ್ಮ ಬ್ಯಾಂಡಿನ ಹೆಸರು ಹಾಕಿದರೆ ಏನೂ ಬರುತ್ತಿರಲಿಲ್ಲ. ಅವರಂಥವರ ಹೆಸರುಗಳು ಮಾತ್ರ ಸಾಲುಸಾಲು ಬರುತ್ತಿದ್ದವು. ಕೊನೆಕೊನೆಗೆ ಕಾಕಾಗೆ ಕಿವಿ ಮಂದವಾಗಿತ್ತು. ಫೋನನ್ನು ಕಿವಿಗೆ ಒತ್ತಿ ಹಿಡಿದು ಪೂರ್ತಿ ಕೇಳಿ, "ಇವರೂ ಗಡಬಡಿ" ಎಂದು ವಾಪಸ್ ಕೊಡುತ್ತಿದ್ದರು. ಕಡೆಯ ಸಲ ಹೋದಾಗ, ಬಸ್ಸಿಗೆ ಕಳಿಸಲು ಬಾಗಿಲಿಗೆ ಬಂದವರು, "ಒಂದರೆ ಸಿಗಬೇಕಿತ್ತು ನೋಡ್ ಬೇ. ನಾ ಇರೂತನಾ ಒಂದರೆ..." ಎಂದು ಅಷ್ಟಕ್ಕೇ ನಿಲ್ಲಿಸಿದರು. ಬಸ್ಸು ಹಾರ್ನ್ ಹೊಡೆಯುತ್ತಿತ್ತು. ನಾನು ಮುಂದಿನ ಸಲ ಹುಡುಕಿಕೊಂಡೇ ಬರುತ್ತೇನೆ ಎಂದೆ.

ಮುಂದಿನ ಸಲ ನಾನು ಹೋದದ್ದು ಕಾಕಾನ ಮಣ್ಣಿಗೆ.

ಹೋದ ವಾರ ಮಧ್ಯಾಹ್ನ, ಶೇಂಗಾ ಸುಲಿಯುತ್ತ ಸುಮ್ಮನೆ ಮತ್ತೆ ಆ ಹೆಸರು ಹಾಕಿ ನೋಡಿದೆ. ಬಂತು! ಯಾವುದೋ ದೇಶದ ಪುಣ್ಯಾತ್ಮರೊಬ್ಬರು ಆ ಬ್ಯಾಂಡಿನ ಹಳೆಯ ಗ್ರಾಮಫೋನ್ ತಟ್ಟೆಯನ್ನು ಇಂಟರ್‌ನೆಟ್ಟಿಗೆ ಏರಿಸಿದ್ದರು. ಕೈಯೊಳಗಿನ ಶೇಂಗಾ ಹಾಗೇ ಬಿಟ್ಟು ಒತ್ತಿದೆ. ಕೊಳಲು ಬಂತು. ದಾಟಿ ಅದೇ. ಆದರೆ ಓಟ! ಚಕಚಕ ಓಡುವ ಕೊಳಲು, ತೆಳ್ಳಗಿನ ದನಿ, ಹಿಂದೆ ಕುಣಿಯುವ ಡ್ರಮ್ಮು. ಬೇರೆ ಯಾರೋ ಹಾಡಿದ್ದಿರಬೇಕು ಎಂದುಕೊಂಡೆ. ಕೆಳಗೆ ಬರೆದದ್ದನ್ನು ಓದಿದೆ. ಅವರೇ. ಅದು ಮದುವೆಯ ದಿಬ್ಬಣದಲ್ಲಿ ಕುಣಿಯುವ ಹಾಡಂತೆ. ಯಾರೂ ಹೊಳೆ ದಂಡೆಯಲ್ಲಿ ಕೂತಿರಲಿಲ್ಲ, ಯಾರೂ ಅಳುತ್ತಿರಲಿಲ್ಲ.

ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಆ ಸಂಜೆ ಕಾಕಾನ ಪ್ಲೇಯರಿನಲ್ಲಿದ್ದದ್ದು ಬಿಸಿಲಿಗೆ ಒಣಗಿಸಿದ ಸೆಲ್ಲು. ಅವುಗಳ ಕಸುವು ಸಾಲದೆ ಕ್ಯಾಸೆಟ್ ಕುಂಟುತ್ತ ತಿರುಗಿತ್ತು. ಕುಂಟಿದ ಹಾಡನ್ನೇ ನಮ್ಮ ರೆಕಾರ್ಡರ್ ಹಿಡಿದುಕೊಂಡಿತು. ಆಮೇಲೆ ಅದನ್ನೂ ಉಳಿದವನ್ನೂ ನಾವು ಕೇಳಿದ್ದು ಕರೆಂಟಿನಲ್ಲಿ. ಕಾಕು ಕೂಗಿದ್ದು ಮಾತ್ರ ಅವರ ನಿಜವಾದ ದನಿಯಲ್ಲೇ ಅದರೊಳಗೆ ಇತ್ತು. ಅವರ ದನಿ ಸರಿಯಿದೆ ಅಂದ ಮೇಲೆ ಹಾಡೂ ಸರಿಯಿದೆ ಎಂದೇ ನಾವು ನಂಬಿದೆವು. ನಮ್ಮ ಬ್ಯಾಂಡಿನಷ್ಟು ಸಾವಕಾಶ ಹಾಡುವವರು ಲೋಕದಲ್ಲಿ ಯಾರೂ ಇರಲಿಲ್ಲ. ನಮ್ಮ ಬ್ಯಾಂಡೂ ಹಾಗೆ ಹಾಡಿರಲಿಲ್ಲ.

ಅಂದರೆ ಡಬ್ಬಿಯೊಳಗೆ ಹೋದವರೆಲ್ಲ ಸರಿಯಾದವರೇ. ಅವರನ್ನೂ ಒಬ್ಬೊಬ್ಬರನ್ನಾಗಿ ಫೋನಿನಲ್ಲಿ ಹುಡುಕಿ ಕೇಳಿದೆ. ಕಾಕಾ ಎಲ್ಲರಿಗಿಂತ ಹೆಚ್ಚು ಬೈದಿದ್ದ ಪಿಟೀಲಿನವರು ನಮ್ಮ ಬ್ಯಾಂಡಿನ ಒಡಹುಟ್ಟಿದವರ ಹಾಗೆ ಕೇಳಿಸಿದರು. ಒಂದಾದರೂ ಸಿಗಬೇಕಿತ್ತು ಎಂದು ಬಾಗಿಲಲ್ಲಿ ನಿಂತವರಿಗೆ ಎಷ್ಟೋ ಸಿಕ್ಕಿದ್ದವು... ಇದಕ್ಕೆ ಅವರಿದ್ದಿದ್ದರೆ ಎಷ್ಟು ನಗುತ್ತಿದ್ದರು. ಹೊಟ್ಟೆ ಹಿಡಿದುಕೊಂಡು, ಕೆಮ್ಮು ಬರುವ ತನಕ ನಗುತ್ತಿದ್ದರು. ಒಂದು ವಾರದಿಂದ ಆ ನಗೆಯನ್ನು ಒಬ್ಬಳೇ ಇಟ್ಟುಕೊಂಡು ಮನೆಗೆಲಸ ಮಾಡಿದ್ದೇನೆ. ಯಾರಿಗೆ ಹೇಳಬೇಕಾದರೂ ಮೊದಲು ಎಲ್ಲವನ್ನೂ ಬಿಡಿಸಿ ಹೇಳಬೇಕು. ಬಿಡಿಸಿ ಹೇಳುವಷ್ಟರಲ್ಲಿ ಅದರಲ್ಲಿ ನಗುವಂಥದ್ದು ಏನೂ ಉಳಿಯುವುದಿಲ್ಲ.

ಇವತ್ತು ಸ್ಪಿರಿಟಿನ ವಾಸನೆ ಬಂದ ಮೇಲೆ ತಡೆಯಲಾಗಲಿಲ್ಲ. ರಕ್ತ ತೆಗೆದ ಹುಡುಗಿ ಹೋದ ಮೇಲೆ ಕಾಕುಗೆ ಫೋನ್ ಹಚ್ಚಿದೆ. ಅವರೀಗ ಸರಸಂಬಾದಲ್ಲಿ ಮೈದುನನ ಮನೆಯವರ ಜೊತೆ ಇದ್ದಾರೆ. ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಅಂದ್ರ ಅವ ಅಳತಿದ್ದಿಲ್ಲೇನ?"

"ಇಲ್ರಿ ಕಾಕು. ಮದುವ್ಯಾಗ ಕುಣ್ಯಾಕತ್ತಿದ್ದ."

"ಯವ್ವಾ! ಅಷ್ಟ ವರ್ಷ ನಮ್ಮನ್ನ ಅಳಿಸಿದ ಭಾಡ್ಯಾ." ನಕ್ಕರು. ಆಮೇಲೆ ದನಿ ತಗ್ಗಿತು. "ಹೊಸ ಸೆಲ್ ತರ್ರಿ ಅಂತ ನಾ ಬಡಕೋತಿದ್ದೆ. ಕೇಳತಿದ್ದಿಲ್ಲ ಮನಿಷ್ಯಾ."

ನನಗೆ ಬೇಕಾದದ್ದು ಬೇರೆಯೇ ಇತ್ತು. ಆ ಕ್ಯಾಸೆಟ್ ಒಮ್ಮೆ ಕೊಡುತ್ತೀರಾ, ನಾನೇ ಬಂದು ಒಯ್ಯುತ್ತೇನೆ ಎಂದೆ. ಪ್ಲೇಯರ್ ಎಲ್ಲಾದರೂ ಹುಡುಕಿದರೆ ಸಿಕ್ಕೀತು.

"ಅದೆಲ್ಲೈತಿ ಬೇ ಈಗ. ಹೋದ ಚಳಿಗಾಲಕ್ಕ ಜ್ವಾಳ ಹಾಲದೆನಿಗೆ ಬಂದಿತ್ತು, ಗುಬ್ಬಿ ಕಾಟ ಭಾಳ. ಮನ್ಯಾಗಿದ್ದ ಕ್ಯಾಸೆಟ್ ಎಲ್ಲಾ ಒಡದು, ರೀಲ್ ಬಿಚ್ಚಿ, ಮೈದುನನ ಮನ್ಯಾವ್ರು ಹೊಲದ ಸುತ್ತ ಕಟ್ಟಿದ್ರು. ನಾನಽ ಕೊಟ್ಟೆ. ಅವರ ಹೊಲಕ್ಕಾದ್ರೂ ಆಗ್ಲಿ ಅಂತ. ಗಾಳಿಗೆ ಗುಂಯ್ ಅಂತಿತ್ತು ನೋಡು. ಒಂದ ಗುಬ್ಬಿ ಬರಲಿಲ್ಲ."

ಚಲೋ ಆಯಿತು ಬಿಡ್ರಿ ಎಂದೆ. ನಮ್ಮ ಕಡೆ ತೆನೆ ಕಾಯಲು ಎಲ್ಲರೂ ಮಾಡುವುದು ಅದನ್ನೇ. ಕಾಕುವಿನ ತಪ್ಪೇನೂ ಇಲ್ಲ. ಊಟ ಆಯಿತೇನು, ಮೊಣಕಾಲು ಹೇಗಿದೆ ಎಂದು ಕೇಳಿ ಫೋನ್ ಇಟ್ಟೆ.

ಫೋನಿನಲ್ಲೇ ಹಾಡಿನ ವೇಗ ಇಳಿಸಬಹುದೆಂದು ಮಗಳು ತೋರಿಸಿಕೊಟ್ಟಿದ್ದಳು. ಸಂಜೆ ದೀಪ ಹಚ್ಚಿದ ಮೇಲೆ ಅದನ್ನೂ ಮಾಡಿ ನೋಡಿದೆ. ಹಾಡು ನಿಧಾನವಾಯಿತು, ದನಿ ಮಾತ್ರ ತಗ್ಗಲಿಲ್ಲ. ಅದೇ ತೆಳ್ಳಗಿನ ಕೊಳಲು ಕಾಲೆಳೆದುಕೊಂಡು ನಡೆದ ಹಾಗೆ. ಕಾಕು ಬರುವ ಜಾಗ ಬಂತು, ಹೋಯಿತು, ಯಾರೂ ಕರೆಯಲಿಲ್ಲ. ನಿಲ್ಲಿಸಿ, ಆ ಪಿಟೀಲಿನವರನ್ನು ಹಚ್ಚಿದೆ. ಎಷ್ಟು ಚೆನ್ನಾಗಿ ಹಾಡಿದ್ದಾರೆ. ಮುಗಿದ ಮೇಲೆ "ಆತು" ಎಂದು ಬಾಯಿಗೆ ಬಂದಿತ್ತು, ಅನ್ನಲಿಲ್ಲ. ಆ ಮಾತು ಹೇಳಬೇಕಾದವಳು ನಾನಲ್ಲ.

ರಾತ್ರಿ ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು. ಯಜಮಾನರ ಸಕ್ಕರೆ ಹೆಚ್ಚು ಬಂದಿದೆ, ಅನ್ನ ಹಾಕಲಿಲ್ಲ. "ಯಾಕ, ಇವತ್ತ ಮಾತಾಡಾಕತ್ತಿಲ್ಲ?" ಎಂದರು. "ಒಂದ ಹಾಡ ಕೇಳ್ತೀರೇನ್ರಿ? ಪೂರ್ತಿ ಕೇಳಬೇಕು, ನಡುವ ಏಳಬಾರದು" ಎಂದೆ. ಹೂಂ ಎಂದು ಹಾಸಿಗೆಯ ಮೇಲೆ ಗೋಡೆಗೊರಗಿದರು. ಪಿಟೀಲು ಏರುವಷ್ಟರಲ್ಲಿ ಅವರ ತಲೆ ವಾಲಿತ್ತು. ಅವರೇ ಮೊದಲು ಮಲಗಿದರು. ಕನ್ನಡಕ ತೆಗೆದಿಟ್ಟು, ಹೊದಿಸಿ, ಆ ಬದಿ ಮುಗಿಯುವ ತನಕ ನಾನು ಕೂತಿದ್ದೆ.