ಮೂರು ಖರ್ಜೂರ

ಹಮೀದಾಕ, ಆ ರಂಜಾನಿನಲ್ಲಿ ನಾನು ಉಪವಾಸ ಇದ್ದದ್ದು ಎರಡೇ ದಿನ. ಉಳಿದದ್ದೆಲ್ಲ ಸುಳ್ಳು. ನೀವು ಆಸ್ಪತ್ರೆ ಸೇರಿದ್ದೂ ಆ ಸುಳ್ಳಿನಿಂದಲೇ — ಇಷ್ಟು ಹೇಳಲು ನನಗೆ ಒಂಬತ್ತು ವರ್ಷ ಬೇಕಾಯಿತು.

ಆಗ ನನಗೆ ಗ್ರೀಕರ ಹುಚ್ಚು. ಊರಿನಿಂದ ತಂದ ಪುಸ್ತಕವೊಂದರಲ್ಲಿ ಆ ಪ್ರಾಚೀನ ಜ್ಞಾನಿಗಳ ವಿಚಾರ ಓದಿಕೊಂಡು, ಇಲ್ಲಿ ಗಲ್ಫಿನಲ್ಲಿ, ನಜ್ಮಾ ಬಡಾವಣೆಯ ನಿಮ್ಮ ಟೈಲರ್ ಅಂಗಡಿಯ ಸ್ಟೂಲಿನ ಮೇಲೆ ಕೂತು ಭಾಷಣ ಬಿಗಿಯುತ್ತಿದ್ದೆ. ತನ್ನನ್ನು ತಾನು ಆಳಬಲ್ಲವನೇ ಸ್ವತಂತ್ರ, ಹೊಟ್ಟೆ ಹೇಳಿದಂತೆ ಕುಣಿಯುವವನು ಗುಲಾಮ, ಒಳ್ಳೆಯ ಗುಣ ಬರುವುದು ಅಭ್ಯಾಸದಿಂದ — ಹೀಗೆಲ್ಲ. ನೀವು ಪ್ಯಾಂಟಿನ ಅಂಚು ಹೊಲಿಯುತ್ತ ಕೇಳುತ್ತಿದ್ದಿರಿ. ನನಗೆ ‘ಮಾಷ್ಟ್ರು’ ಎಂದು ಹೆಸರಿಟ್ಟವರೂ ನೀವೇ. ವೆಸ್ಟ್ ಬೇಯ ಆಫೀಸಿನಲ್ಲಿ ಫೈಲು ಜೋಡಿಸುವ ನನಗೆ ಆ ಹೆಸರು ತಲೆಗೇರಿತು.

ಆ ಅಮಲಿನಲ್ಲೇ ನಾಲ್ಕು ಜನರೆದುರು ಘೋಷಿಸಿಬಿಟ್ಟೆ — ಈ ಸಲ ನಾನೂ ತಿಂಗಳಿಡೀ ನಿಮ್ಮವರಂತೆ ಉಪವಾಸ ಹಿಡಿಯುತ್ತೇನೆ, ಮನಸ್ಸಿನ ಪರೀಕ್ಷೆಗೆ. ಮೂರನೆಯ ದಿನ ಮಧ್ಯಾಹ್ನ ಆಫೀಸಿನ ನೆಲಮಾಳಿಗೆಯಲ್ಲಿ ಕಾರಿನೊಳಗೆ ತಲೆ ತಗ್ಗಿಸಿ ಕೂತು ನೀರು ಕುಡಿದೆ. ಖರ್ಜೂರ ತಿಂದೆ. ನೀವೇ ಕಾಗದದಲ್ಲಿ ಕಟ್ಟಿಕೊಟ್ಟಿದ್ದ ಮೂರು. ಪ್ರತಿ ಸಂಜೆ ಮರುದಿನಕ್ಕೆಂದು ಕೊಡುತ್ತಿದ್ದಿರಿ.

“ಟ್ರಾಫಿಕ್ಕಲ್ಲಿ ಸಿಕ್ಕಿ ಬಿದ್ರೆ ಇಲ್ಲಿವರೆಗೆ ಕಾಯ್ಬೇಡಿ ಮಾಷ್ಟ್ರೇ. ಮಸೀದಿಯಲ್ಲಿ ಬಾಂಗ್ ಆದ ಕೂಡ್ಲೆ ಬಾಯಿಗೆ ಹಾಕಿ.”

ಅಭ್ಯಾಸದಿಂದ ಗುಣ ಬರುತ್ತದೆ ಎಂದಿದ್ದೆನಲ್ಲ, ನನಗೂ ಬಂತು. ವಾರ ಕಳೆಯುವಷ್ಟರಲ್ಲಿ ಬೀಜಗಳನ್ನು ಅದೇ ಕಾಗದದಲ್ಲಿ ಸುತ್ತಿ ಡ್ಯಾಶ್‌ಬೋರ್ಡಿನೊಳಗೆ ತಳ್ಳುವುದು, ಸಂಜೆ ಬಳಲಿದ ಮುಖ ಹೊತ್ತು ನಿಮ್ಮ ಪಕ್ಕ ಕೂರುವುದು, ಎಲ್ಲವೂ ಸಲೀಸಾಯಿತು.

ನಿಮಗೆ ಸಕ್ಕರೆ ಕಾಯಿಲೆ. ಉಪವಾಸ ಕೂಡದೆಂದು ಡಾಕ್ಟರು ಹೇಳಿದ್ದರು. ಕಾಯಿಲೆಯವರಿಗೆ ಧರ್ಮದಲ್ಲೇ ವಿನಾಯಿತಿ ಇದೆ ಎಂದು ನನಗೆ ತಿಳಿಸಿಕೊಟ್ಟವರೂ ನೀವೇ. ಬದಲಿಗೆ ದಿನವೂ ಒಬ್ಬ ಬಡ ಕೆಲಸಗಾರನಿಗೆ ಊಟ ಕೊಡುತ್ತ ನೆಮ್ಮದಿಯಾಗಿದ್ದಿರಿ. ಆ ನೆಮ್ಮದಿಯನ್ನು ನಾನು ಕೆಡಿಸಿದೆ.

ಒಂದು ಸಂಜೆ ನೀವು ಕೇಳಿದಿರಿ, “ನಿಜ ಹೇಳಿ ಮಾಷ್ಟ್ರೇ, ನಿಮಗೆ ಹಸಿವು ಆಗುದೇ ಇಲ್ವಾ?”

ನಿಜ ಹೇಳಿ ಎಂದೇ ಕೇಳಿದ್ದಿರಿ. ಆಗ ಹೇಳಿಬಿಟ್ಟಿದ್ದರೆ — ಎಲ್ಲರೂ ನಕ್ಕು ಮುಗಿಯುತ್ತಿತ್ತು. ನಾನು ಹೇಳಿದ್ದು ಬೇರೆ.

“ಎಲ್ಲ ಮನಸ್ಸಲ್ಲಿ ಉಂಟು ಹಮೀದಾಕ. ಮನಸ್ಸು ಗಟ್ಟಿ ಇದ್ರೆ ಶರೀರ ಹೇಳಿದ ಹಾಗೆ ಕೇಳ್ತದೆ. ಕಾಯಿಲೆ ಎಲ್ಲ ಒಂದು ನೆವ.”

ಮರುದಿನದಿಂದ ಯಾರಿಗೂ ಹೇಳದೆ ಉಪವಾಸ ಹಿಡಿದಿರಿ. ನಾಲ್ಕನೆಯ ದಿನ ಇಸ್ತ್ರಿ ಹಾಕುತ್ತಿದ್ದಾಗಲೇ ಕುಸಿದು ಬಿದ್ದಿರಿ. ಪಕ್ಕದ ಕೆಫೆಟೇರಿಯಾದ ಮಲಯಾಳಿ ಓಡಿ ಬಂದು ಆಂಬುಲೆನ್ಸ್ ಕರೆಯದೆ ಇದ್ದಿದ್ದರೆ — ಆ ವಾಕ್ಯವನ್ನು ಮುಗಿಸುವ ಧೈರ್ಯ ಇವತ್ತಿಗೂ ನನಗಿಲ್ಲ.

ಆಸ್ಪತ್ರೆಗೆ ಬಂದೆ. ನೀವು ನನ್ನ ಕೈ ಹಿಡಿದು, “ನಿಮ್ಮಷ್ಟು ಗಟ್ಟಿ ಮನಸ್ಸು ನಂಗೆ ದೇವರು ಕೊಡ್ಲಿಲ್ಲ” ಎಂದಿರಿ. ನಿಮ್ಮ ಕಣ್ಣು ತುಂಬಿಕೊಂಡಿತ್ತು. ಆಗ ನಾನೇನೆಂದೆ, ನೆನಪಿದೆಯೇ? “ಪರವಾಗಿಲ್ಲ ಬಿಡಿ.” ನಾನು ನಿಮ್ಮನ್ನು ಕ್ಷಮಿಸಿದೆ, ಹಮೀದಾಕ! ಕೆಳಗೆ ನಿಲ್ಲಿಸಿದ್ದ ಕಾರಿನಲ್ಲಿ ಅವತ್ತು ತಿಂದ ಖರ್ಜೂರದ ಬೀಜಗಳಿದ್ದವು.

ನೀವು ಚೇತರಿಸಿಕೊಂಡಿರಿ. ಆದರೆ ಅಂದಿನಿಂದ ಪ್ರತಿ ರಂಜಾನಿನಲ್ಲೂ ಗಿರಾಕಿಗಳಿಗೆ ನನ್ನ ಗಟ್ಟಿ ಮನಸ್ಸಿನ ಕಥೆ ಹೇಳುತ್ತೀರಿ, ಬಡವರಿಗೆ ಊಟ ಕೊಡುವಾಗ ಮಾತ್ರ ಸೋತವರಂತೆ ತಲೆ ತಗ್ಗಿಸುತ್ತೀರಿ. ನಾನು ನೋಡುತ್ತ ಕೂತಿದ್ದೇನೆ. ನಿಮ್ಮ ಶರೀರಕ್ಕೆ ಮಾಡಿದ್ದಕ್ಕಿಂತ ದೊಡ್ಡ ಅನ್ಯಾಯ ಇದೇ — ನಿಮ್ಮ ಆತ್ಮ ದುರ್ಬಲವೆಂದು ನೀವೇ ನಂಬಿದಿರಿ, ನಂಬಲು ನಾನು ಬಿಟ್ಟೆ.

ಮುಂದಿನ ತಿಂಗಳು ಅಂಗಡಿ ಖಲಾಸ್ ಮಾಡಿ ನೀವು ಊರಿಗೆ ಹೋಗುತ್ತಿದ್ದೀರಿ. ಆ ನಂಬಿಕೆಯನ್ನು ಹೊತ್ತುಕೊಂಡು ಹೋಗಬೇಡಿ. ನಾನು ಕೆಡಿಸುವ ಮೊದಲು ನೀವು ಡಾಕ್ಟರ ಮಾತು ಕೇಳಿ, ಹಸಿದವನಿಗೆ ಉಣಿಸಿ, ಜಂಬವಿಲ್ಲದೆ ಇದ್ದಿರಿ. ನಾನು ಪುಸ್ತಕದಲ್ಲಿ ಓದಿದ್ದನ್ನು ಓದದೆಯೇ ಬಾಳಿದವರು ನೀವು.

ಈ ಕಾಗದವನ್ನು ಶಟರಿನ ಕೆಳಗೆ ತೂರಿಸಿ ಓಡಿಹೋಗುವುದಿಲ್ಲ. ನಾಳೆ ಸಂಜೆ ಅಂಗಡಿಗೆ ಬಂದು, ಗಿರಾಕಿಗಳಿದ್ದರೆ ಅವರೆದುರೇ, ನಿಂತು ಓದುತ್ತೇನೆ. ಕ್ಷಮಿಸುವುದು, ಬಿಡುವುದು ನಿಮಗೆ ಸೇರಿದ್ದು. ಮಾಷ್ಟ್ರು ಎಂದು ಮಾತ್ರ ಇನ್ನು ಕರೆಯಬೇಡಿ. ನನ್ನ ಹೆಸರು ಸದಾಶಿವ.