ಪಟ್ಟದ ಗೊಂಬೆಯ ಕೊರಳಿನ ಪದಕ

ಆ ಪದಕವನ್ನು ಭಾವನವರು ನಮ್ಮ ಮನೆಯ ಊಟದ ಮೇಜಿನಿಂದಲೇ ಎತ್ತಿಕೊಂಡು ಹೋಗಿದ್ದರು. ಅದನ್ನು ಮರಳಿ ತರಬೇಕಾದವಳು ನಾನೇ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ.

ಎಂಬತ್ತರ ದಶಕದ ಮಧ್ಯಭಾಗ. ಮದುವೆಯಾಗಿ ಮೈಸೂರಿನಿಂದ ಅಮೆರಿಕಕ್ಕೆ ಬಂದು ಕ್ಯಾಂಪ್‌ಬೆಲ್‌ ಎಂಬ ಊರಿನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆ. ಎಂ.ಎಸ್ಸಿ. ಮುಗಿಸಿದ್ದರೂ ನನ್ನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಎದುರು ಮನೆಯಲ್ಲಿ ಸೋವಿಯತ್ ದೇಶ ಬಿಟ್ಟುಬಂದ ವಿಧವೆಯೊಬ್ಬರಿದ್ದರು. ನಾನು ಅವರನ್ನು ಅಜ್ಜಿ ಎನ್ನುತ್ತಿದ್ದೆ. ಅವರ ಇಂಗ್ಲಿಷು ಹರಕು, ನನ್ನದು ಪುಸ್ತಕದ್ದು. ಇಬ್ಬರಿಗೂ ಹೆಚ್ಚು ಮಾತು ಬೇಕಿರಲಿಲ್ಲವಾದ್ದರಿಂದ ಮಧ್ಯಾಹ್ನದ ಚಹಾ ಚೆನ್ನಾಗಿ ಸಾಗುತ್ತಿತ್ತು.

ಒಂದು ದಿನ ಅವರು ಪದಕ ತೋರಿಸಿದರು. ಬೆಳ್ಳಿಯ ಬಿಲ್ಲೆ. ಮೇಲೆ ಮೂರು ವಿಮಾನ, ಕೆಳಗೆ ಟ್ಯಾಂಕು, ನಡುವೆ ಕೆಂಪಕ್ಷರದಲ್ಲಿ 'ಶೌರ್ಯಕ್ಕಾಗಿ' ಎಂದು ಅವರ ಭಾಷೆಯಲ್ಲಿ. ದೇಶ ಬಿಡುವಾಗ ಇಂಥದ್ದನ್ನು ಕಸ್ಟಮ್ಸಿನವರು ಕಿತ್ತುಕೊಳ್ಳುತ್ತಿದ್ದರಂತೆ. ಅಜ್ಜಿ ಅದನ್ನು ಜಾಮಿನ ಜಾಡಿಯೊಳಗೆ ಮುಳುಗಿಸಿ ತಂದಿದ್ದರು.

ಯುದ್ಧದಲ್ಲಿ ಅವರು ಗಾಯಾಳುಗಳನ್ನು ಎಳೆದು ತರುವ ದಾದಿ. ಹೆಪ್ಪುಗಟ್ಟಿದ ನದಿಯಾಚೆಯ ಹಿಟ್ಟಿನ ಗಿರಣಿಯಲ್ಲಿ ಒಬ್ಬ ಜರ್ಮನ್ ಮೆಷಿನ್‌ಗನ್ ಹಿಡಿದು ಕೂತಿದ್ದ. ಮಂಜಿನ ಮೇಲೆ ಬಿದ್ದವರನ್ನು ಹಾಗೇ ಬಿಟ್ಟು, ಎತ್ತಲು ಹೋದವರನ್ನು ಹೊಡೆಯುತ್ತಿದ್ದ. ಬಿದ್ದವರಲ್ಲಿ ಅಜ್ಜಿಯ ತಮ್ಮನೂ ಇದ್ದ. ಹಗಲೆಲ್ಲ ನೀರು ಕೇಳಿದ, ಸಂಜೆಗೆ ಸುಮ್ಮನಾದ.

"ಆಮೇಲೆ ಹೋದೆ," ಎಂದರು ಅಜ್ಜಿ. "ಬ್ಯಾಂಡೇಜಿನ ಚೀಲದಲ್ಲಿ ಗ್ರೆನೇಡು ಇಟ್ಟುಕೊಂಡು. ಗೋಡೆಗೆ ಅಂಟಿಕೊಂಡು ಕಾದೆ. ಚಮಚ ಡಬ್ಬಿಗೆ ತಾಗುವ ಸದ್ದು ಬಂತು. ಊಟಕ್ಕೆ ಕೂತ ಅಂತ ಗೊತ್ತಾಯಿತು. ಮುಗಿಸೋದಕ್ಕೆ ಬಿಡಲಿಲ್ಲ."

ಹಿಂದಿರುಗುವಾಗ ಇನ್ನೂ ಉಸಿರಿದ್ದ ಮೂವರನ್ನು ಒಬ್ಬೊಬ್ಬರನ್ನಾಗಿ ಎಳೆದು ತಂದರು. ಪದಕ ಬಂದದ್ದು ಆ ಮೂವರಿಗಾಗಿ. ಗಿರಣಿಯ ವಿಷಯ ಯಾರೂ ಕೇಳಲಿಲ್ಲ. "ಅವರು ಮೂರು ಜೀವಕ್ಕೆ ಕೊಟ್ಟರು. ನಾನು ಒಂದು ಸಾವಿಗೆ ತೆಗೆದುಕೊಂಡೆ," ಎಂದು ಜಾಮನ್ನು ಚಹಾಕ್ಕೆ ಹಾಕಿ ಕಲಕಿದರು.

ಭಾವನವರು, ಅಂದರೆ ನನ್ನ ಗಂಡನ ಅಣ್ಣ, ಪಕ್ಕದೂರು ಸರಟೋಗಾದಲ್ಲಿ ಡಾಕ್ಟರು. ಹಳೆಯ ನಾಣ್ಯ, ಕಠಾರಿಗಳನ್ನು ಗಾಜಿನ ಬೀರುವಿನಲ್ಲಿಟ್ಟು ತೋರಿಸುವ ಗೀಳು ಅವರಿಗೆ. ಒಂದು ಭಾನುವಾರ ನಮ್ಮಲ್ಲಿ ಊಟಕ್ಕೆ ಬಂದಾಗ ಅಜ್ಜಿಯೂ ಇದ್ದರು, ಪದಕವೂ ಇತ್ತು. "ಛೆ, ರಿಬ್ಬನ್ನು ಹಾಳಾಗಿದೆ. ನಂಗೆ ಗೊತ್ತಿರೋ ಅಂಗಡೀಲಿ ಹೊಸದು ಹಾಕಿಸಿಕೊಡ್ತೀನಿ," ಎಂದು ಜೇಬಿಗಿಳಿಸಿದರು. ಅಜ್ಜಿ ತಲೆಯಾಡಿಸಿದರು.

ಬೇಸಿಗೆ ಕಳೆಯಿತು. ಭಾವನವರಿಗೆ ಫೋನು ಮಾಡಿದೆ.

"ಅದನ್ನ ಅವರೇ ಕೊಟ್ರಲ್ಲಮ್ಮ. ಆಯಮ್ಮಂಗೆ ಇಂಗ್ಲಿಷೇ ಬರಲ್ಲ, ನೀನೇನೋ ತಪ್ಪು ತಿಳ್ಕೊಂಡಿದ್ದೀಯ."

"ಅಣ್ಣನ ಹತ್ರ ಎದುರು ಮಾತಾಡ್ಬೇಡ," ಎಂದರು ನನ್ನ ಗಂಡ. "ಅಜ್ಜಿಗೆ ಒಂದು ಒಳ್ಳೇ ಶಾಲು ತಂದುಕೊಡೋಣ."

ಅಜ್ಜಿ ಬೇಡಲು ಒಪ್ಪಲಿಲ್ಲ. "ಗಡಿಯಲ್ಲಿ ಸರ್ಕಾರಕ್ಕೇ ಕೊಡಲಿಲ್ಲ. ನಿನ್ನ ಡಾಕ್ಟರಿಗೆ ಕೈಚಾಚಲೇ? ಕಾಯೋಣ," ಎಂದರಷ್ಟೆ.

ದಸರಾ ಬಂತು. ಭಾವನವರ ಮನೆಯಲ್ಲಿ ಗೊಂಬೆ ಕೂರಿಸುವುದು ಪದ್ಧತಿ. ಮೆಟ್ಟಿಲುಗಳ ತುದಿಯಲ್ಲಿ ವಾರಗಿತ್ತಿಯ ತವರಿನಿಂದ ಬಂದ ಪಟ್ಟದ ಗೊಂಬೆಗಳು, ಮರದ ರಾಜ ಮತ್ತು ರಾಣಿ. ಮೊದಲ ದಿನ ಅರಿಶಿನ ಕುಂಕುಮಕ್ಕೆ ಹೋದಾಗ ನೋಡಿದೆ: ರಾಜನ ಕೊರಳಲ್ಲಿ ಅಜ್ಜಿಯ ಪದಕ. ರಿಬ್ಬನ್ನು ಹಳೆಯದೇ. ಆ ಸಂಜೆ ನಾನು ತಾಂಬೂಲವಷ್ಟೇ ತೆಗೆದುಕೊಂಡು ಬಂದೆ.

ಸರಸ್ವತಿ ಪೂಜೆಯ ಸಂಜೆ ಅಲ್ಲಿ ಹೆಚ್ಚು ಜನ ಸೇರುತ್ತಾರೆ. ಅಜ್ಜಿಗೆ ನನ್ನ ರೇಷ್ಮೆ ಸೀರೆ ಉಡಿಸಿ ಕರೆದುಕೊಂಡು ಹೋದೆ. ವಾರಗಿತ್ತಿ ಅವರಿಗೂ ಕುಂಕುಮವಿಟ್ಟಳು. ಭಾವ ಆಗಲೇ ಗಂಡಸರ ನಡುವೆ ನಿಂತು, "ಮಾಸ್ಕೋಗೆ ಕಾನ್ಫರೆನ್ಸಿಗೆ ಹೋಗಿದ್ನಲ್ಲ, ಅಲ್ಲಿ ಒಬ್ಬ ಜನರಲ್ಲು ಕೈಯಾರೆ ಕೊಟ್ಟಿದ್ದು," ಎನ್ನುತ್ತಿದ್ದರು.

"ಅಯ್ಯೋ, ನಮ್ಮ ಮಹಾರಾಜ್ರು ಯಾವಾಗ ಕಮ್ಯುನಿಸ್ಟ್ ಆದ್ರು?" ಎಂದು ಯಾರೋ ನಗಿಸಿದರು. ಭಾವನ ಕಣ್ಣು ಅಜ್ಜಿಯ ಮೇಲೆ ಬಿದ್ದರೂ ಗುರುತು ಹತ್ತಲಿಲ್ಲ. ಸೀರೆ ಉಟ್ಟ ಬಿಳಿ ಹೆಂಗಸು, ಅಷ್ಟೆ.

ಗೊಂಬೆ ನೋಡಲು ಬಂದ ಹೆಂಗಸರು ಒಂದು ಹಾಡು ಹೇಳಬೇಕು. ವಾರಗಿತ್ತಿ ನನ್ನ ಕಡೆ ತಿರುಗಿ, "ನೀನಂತೂ ಬಾಯೇ ಬಿಡಲ್ಲ. ಇವತ್ತಾದ್ರೂ ಒಂದು ದೇವರನಾಮ ಆಗ್ಲಿ," ಎಂದಳು.

"ಹಾಡು ಬರಲ್ಲ ಅಕ್ಕ. ಒಂದು ಕಥೆ ಹೇಳ್ಲಾ?"

ಭಾವನ ಕೈಗೆ ಉಸಲಿ, ಸಜ್ಜಿಗೆಯ ತಟ್ಟೆ ಬರುವವರೆಗೆ ಕಾದೆ. ಚಮಚದ ಸದ್ದು ಕೇಳಿದ ಮೇಲೆ ಶುರುಮಾಡಿದೆ. ನದಿ, ಗಿರಣಿ, ನೀರು ಕೇಳಿದ ತಮ್ಮ, ಜಾಮಿನ ಜಾಡಿ. ನಮ್ಮ ಮನೆಯ ಮೇಜು, ರಿಬ್ಬನ್ನಿನ ಮಾತು. ಎಲ್ಲವನ್ನೂ ಅಚ್ಚ ಕನ್ನಡದಲ್ಲಿ, ದನಿ ಏರಿಸದೆ ಹೇಳಿದೆ.

"ಭಾವ, ನಿಮಗೆ ಕೈಯಾರೆ ಕೊಟ್ಟ ಆ ಜನರಲ್ಲು ಇವರೇ ಅಲ್ವಾ?" ಎಂದು ಅಜ್ಜಿಯತ್ತ ಕೈ ತೋರಿಸಿದೆ.

ಅವರ ಮುಖ ಬಿಳಿಚಿತು. ಅದನ್ನು ನಾನು ನಿಧಾನವಾಗಿ, ಸಾಕಾಗುವಷ್ಟು ನೋಡಿದೆ.

"ಕೊಡೋಣಮ್ಮ, ಯಾರು ಬೇಡ ಅಂದ್ರು? ಆದ್ರೆ ದಶಮಿವರೆಗೂ ಗೊಂಬೆ ಮುಟ್ಟೋ ಹಾಗಿಲ್ವಲ್ಲ," ಎಂದರು. ಹಾಗೆನ್ನುತ್ತಾರೆಂದು ನನಗೆ ಗೊತ್ತಿತ್ತು.

ವಿಜಯದಶಮಿಯ ರಾತ್ರಿ ಆರತಿಯೆತ್ತಿ ಪಟ್ಟದ ಗೊಂಬೆಯನ್ನು ಮಲಗಿಸಿದರೆ ಹಬ್ಬ ಮುಗಿದಂತೆ. ಅದಕ್ಕೂ ಮುಂಚೆ ಮಲಗಿಸುವುದು ಮನೆಗೆ ಕೇಡು ಎಂದು ಅಲ್ಲಿದ್ದ ಪ್ರತಿಯೊಬ್ಬ ಹೆಂಗಸಿಗೂ ಗೊತ್ತು. ಅಮ್ಮ ನನಗೂ ಕಲಿಸಿದ್ದಳು. ಎದ್ದು ಹೋಗಿ ಪದಕ ತೆಗೆದೆ. ಆಮೇಲೆ ರಾಜನನ್ನು ಎರಡೂ ಕೈಯಲ್ಲಿ ಹಿಡಿದು, ಮೇಲಿನ ಮೆಟ್ಟಿಲ ಮೇಲೆ ಅಂಗಾತ ಮಲಗಿಸಿದೆ. ಬೇಕೆಂದೇ.

"ಅಯ್ಯೋ, ಮಲಗಿಸಿಬಿಟ್ಳಲ್ಲ!" ಎಂದು ವಾರಗಿತ್ತಿ ಕೂಗಿದಳು. ಯಾರೂ ಅದನ್ನು ಎತ್ತಿ ನಿಲ್ಲಿಸುವ ಧೈರ್ಯ ಮಾಡಲಿಲ್ಲ. ಒಬ್ಬೊಬ್ಬರೇ ಚಪ್ಪಲಿ ಹುಡುಕತೊಡಗಿದರು. ನನ್ನ ಗಂಡ ನನ್ನತ್ತ ನೋಡದೆ ಕಾರಿನ ಬೀಗದ ಕೈ ತೆಗೆದರು.

ಆ ಮನೆಯಿಂದ ಮತ್ತೆ ನಮಗೆ ಕರೆ ಬರಲಿಲ್ಲ. ಬರಲೆಂದು ನಾನು ಬಯಸಲೂ ಇಲ್ಲ.

ಕಾರಿನಲ್ಲಿ ಅಜ್ಜಿ ಪದಕವನ್ನು ಸೀರೆಯ ಸೆರಗಿನಿಂದ ಒರೆಸುತ್ತಿದ್ದರು. ಕುಂಕುಮ ಮೆತ್ತಿತ್ತು.

"ಡಾಕ್ಟರು ಊಟ ಮುಗಿಸಿದರೇ?" ಎಂದು ಕೇಳಿದರು.

"ಇಲ್ಲ."

ಅಜ್ಜಿ ತಲೆಯಾಡಿಸಿ, ಕಿಟಕಿಯ ಗಾಜು ಇಳಿಸಿದರು.