ವೀಳ್ಯ ಹಿಡಿದು ಹೋದ ಹುಡುಗಿ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಇದನ್ನು ಮೊದಲು ಹೇಳದೆ ಬೇರೆ ಏನನ್ನೂ ಬರೆಯಲು ನನ್ನ ಕೈ ಒಪ್ಪುವುದಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಕೊಂಬು, ದೀರ್ಘ ಹೆಚ್ಚುಕಡಿಮೆಯಾದರೆ ಓದುವವರು ಸರಿಮಾಡಿಕೊಳ್ಳಿ. ಮಗಳಿಗೆ ಮದುವೆಯಾಗಿ ಬಹಳ ವರ್ಷ ಕಾದ ಮೇಲೆ ಬಂದ ಕೂಸು. ಕೆಂಪಗೆ, ಮುಷ್ಟಿ ಬಿಗಿದುಕೊಂಡು, ಯಾರ ಮೇಲೋ ಜಗಳಕ್ಕೆ ಹೊರಟವಳ ಹಾಗೆ ಹುಟ್ಟಿದಳು. ಬಸ್ಸಿನಲ್ಲಿ ಪಕ್ಕ ಕೂತವರಿಗೆ, ತರಕಾರಿಯವಳಿಗೆ, ಕೇಳದವರಿಗೂ ನಿಲ್ಲಿಸಿ ನಿಲ್ಲಿಸಿ ಹೇಳಿದ್ದೇನೆ. ತರಕಾರಿಯವಳಂತೂ, "ಅಜ್ಜಿ, ನಿನ್ನೆನೂ ಹೇಳಿದ್ರಿ" ಅಂದಳು. ನಾಳೆಯೂ ಹೇಳುತ್ತೇನೆ ಕಣಮ್ಮ ಅಂದೆ.

ಆಸ್ಪತ್ರೆಯಲ್ಲಿ ನೋವು ಶುರುವಾದಾಗ ಮಗಳು ನನ್ನ ಸೆರಗು ಹಿಡಿದುಕೊಂಡು, "ಅಮ್ಮ, ನೀನು ಎಲ್ಲೂ ಹೋಗಲ್ಲ ತಾನೇ?" ಎಂದು ಕೇಳಿದಳು. "ಇಲ್ಲೇ ಇರ್ತೀನಿ ಕಣೇ" ಅಂದೆ. ಅಂದ ಮರುಗಳಿಗೆ ಮೈಯೆಲ್ಲ ಉರಿಯಿತು. ಇದೇ ಮಾತನ್ನು ಒಬ್ಬಳು ನನಗೆ ಕೊಟ್ಟಿದ್ದಳು, ಈ ಮಗಳು ನನ್ನ ಹೊಟ್ಟೆಯಲ್ಲಿದ್ದಾಗ. ಇಷ್ಟು ಸಂತೋಷದ ಹೊತ್ತಿನಲ್ಲಿ ಆ ಸಿಟ್ಟು ಯಾಕೆ ನೆನಪಾಗಬೇಕು ಎಂದು ಯೋಚಿಸಿದೆ. ಆಗಲೇ ಆಗುವುದೇನೋ.

ಅವಳನ್ನು ಮೊದಲು ಕಂಡದ್ದು ನನ್ನ ಗಂಡ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಮ್ಮ ಮನೆ ಮಾದಿಹಳ್ಳಿಯಲ್ಲಿ. ಅವರು ಹಳೇಬೀಡಿನ ದೇವಸ್ಥಾನದ ಎದುರು ಎಳನೀರು ಮಾರುತ್ತಿದ್ದರು. ಒಂದು ಸಂಜೆ ಬಟ್ಟೆ ಸುತ್ತಿದ ಹೆಬ್ಬೆರಳು ಎತ್ತಿ ತೋರಿಸುತ್ತಾ, "ಮಚ್ಚು ತಾಗ್ತು ಕಣೆ. ಬಂದೋರೆಲ್ಲ ಗುಡಿ ನೋಡ್ತಾ ಹೋದ್ರೆ ಒಂದ್ ಬಿಳೀ ಹುಡುಗಿ ಓಡ್‌ಬಂದು ಬಟ್ಟೆ ಕಟ್ತು" ಅಂದರು. ಅತ್ತೆ ಒಲೆಯ ಮುಂದಿನಿಂದ ಏಳದೆಯೇ, "ಬೆರಳು ಕಟ್ಟಿಸ್ಕಂಡ್ ಬಂದ್ಯಲ್ಲ, ಅವ್ಳು ಕುಡಿದ ಎಳ್ನೀರಿಗೆ ಕಾಸು ಇಸ್ಕಂಡ್ಯೇನ್ಲಾ?" ಎಂದು ಕೇಳಿದರು.

ಆ ಹುಡುಗಿ ಯಾವ ದೇಶದವಳು ಎಂದು ಇವತ್ತಿಗೂ ನನಗೆ ಸರಿಯಾಗಿ ಗೊತ್ತಿಲ್ಲ. ಬೇಲೂರಿನಲ್ಲಿ ಅವರದೊಂದು ಪ್ರಾರ್ಥನೆ ಮನೆ ಇತ್ತು. ಅವರ ಕಡೆ ಕಾಲೇಜಿಗೆ ರಜೆ ಬಿಟ್ಟಾಗ ಹುಡುಗ ಹುಡುಗಿಯರು ಬಂದು ಅಲ್ಲಿ ಇಳಿದುಕೊಂಡು ಊರೂರಿಗೆ ಹೋಗಿ ಏಸುಸ್ವಾಮಿಯ ಕತೆ ಹೇಳುತ್ತಿದ್ದರು. ಇವಳು ನರ್ಸ್ ಓದುತ್ತಿದ್ದವಳು. ಕತೆಯ ಜೊತೆಗೆ ಗಾಯ ತೊಳೆಯುವುದು, ಕಣ್ಣಿಗೆ ಔಷಧಿ ಬಿಡುವುದು ಇವಳ ಪಾಲಿನ ಕೆಲಸ. ಅವಳ ಮಾತನ್ನು ಕನ್ನಡಕ್ಕೆ ತಿರುಗಿಸಲು ಟೀಚರಮ್ಮ ಎಂದು ನಾವು ಕರೆಯುತ್ತಿದ್ದ ಹಾಸನದ ಕಡೆಯ ಹೆಂಗಸೊಬ್ಬರು ಜೊತೆಗಿರುತ್ತಿದ್ದರು. ಇಬ್ಬರೂ ಬಸ್ಸಿಳಿದು ನಮ್ಮೂರ ಶಾಲೆಯ ಹೊಂಗೆ ಮರದ ಕೆಳಗೆ ಚಾಪೆ ಹಾಸುತ್ತಿದ್ದರು.

"ಬೇಸಿಗೆಯೆಲ್ಲ ನಿಮ್ಮ ಜೊತೆ ಕಳೆಯೋಕೆ ಬಂದಿದ್ದಾಳೆ" ಎಂದು ಟೀಚರಮ್ಮ ಪರಿಚಯ ಮಾಡಿಕೊಟ್ಟಾಗ ಜಿಟಿಜಿಟಿ ಮಳೆ. ಅತ್ತೆ ಆಕಾಶ ನೋಡಿದರು, ಹುಡುಗಿಯ ಒದ್ದೆ ಕೂದಲು ನೋಡಿದರು. "ಇದು ಬ್ಯಾಸ್ಗೆನಾ? ಹಂಗಾರೆ ಇವ್ರೂರಲ್ಲಿ ಮಳೆಗಾಲಕ್ಕೆ ಜನ ಉಳಿಯದೇ ಕಷ್ಟ ಬಿಡು" ಅಂದರು. ಟೀಚರಮ್ಮ ಅದನ್ನು ತಿರುಗಿಸಿ ಹೇಳಿದ್ದೇ ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳ ಆ ನಗುವಿಗೇ ನಾನು ಸೋತದ್ದು. ದೊಡ್ಡ ಬಾಯಿ, ಸಂದು ಬಿಟ್ಟ ಹಲ್ಲು. ನಮ್ಮ ಊರಲ್ಲಿ ಹುಟ್ಟಿದ್ದರೆ ಗಂಡು ಸಿಗುತ್ತಿರಲಿಲ್ಲ ಎಂದು ಅತ್ತೆ ಅನ್ನುತ್ತಿದ್ದರು, ಪ್ರೀತಿಯಿಂದಲೇ.

ಆಗ ನಾನು ಬಸುರಿ. ಅದಕ್ಕೆ ಮೊದಲು ಎರಡು ಸಲ ಬಸುರಾಗಿದ್ದೆ. ಎರಡು ಕೂಸೂ ದಿನ ತುಂಬುವ ಮೊದಲೇ ಹುಟ್ಟಿ ಹೋದವು. ಮೊದಲನೆಯದು ಗೆಂಡೆಹಳ್ಳಿಯಲ್ಲಿ, ತವರಿನ ನಡುಮನೆಯ ಪಕ್ಕದ ಕತ್ತಲೆ ಕೋಣೆಯಲ್ಲಿ. ಎರಡನೆಯದು ಇಲ್ಲೇ. ಈ ಮೂರನೆಯದು ಹೊಟ್ಟೆಯಲ್ಲಿ ದಿನ ತುಂಬುವ ತನಕ ನಿಂತರೆ ಸಾಕು ಎನ್ನುವುದೊಂದೇ ನನ್ನ ತಲೆಯಲ್ಲಿ. ಅತ್ತೆ ಮಾಲೇಕಲ್ಲು ತಿಮ್ಮಪ್ಪನಿಗೆ ಹರಕೆ ಕಟ್ಟಿಕೊಂಡಿದ್ದರು. ನಾನು ನೀರು ಸೇದುವಾಗಲೂ ಉಸಿರು ಬಿಗಿಹಿಡಿಯುತ್ತಿದ್ದೆ.

ಹುಡುಗಿಗೆ ಇದೆಲ್ಲ ಟೀಚರಮ್ಮನಿಂದ ಗೊತ್ತಾಯಿತು. ಅವಳು ನನ್ನನ್ನು ಜಗುಲಿಯ ಮೇಲೆ ಒರಗಿಸಿ, ಕಿವಿಗೆ ಕೊಳವೆ ಹಾಕಿಕೊಂಡು ಹೊಟ್ಟೆಗೆ ಕಿವಿಗೊಟ್ಟಳು. ಆಮೇಲೆ ಆ ಕೊಳವೆಯನ್ನು ತೆಗೆದು ನನ್ನ ಕಿವಿಗಿಟ್ಟಳು. ದೂರದಲ್ಲಿ ಯಾರೋ ಅವಸರದಲ್ಲಿ ಅವಲಕ್ಕಿ ಕುಟ್ಟಿದ ಹಾಗೆ ಕೇಳಿಸಿತು. ನನ್ನ ಮಗುವಿನ ಎದೆ! ನನಗೆ ಅಳು ಬಂತು, ಅವಳಿಗೂ ಬಂತು. ಅವತ್ತಿನಿಂದ ಬಂದಾಗಲೆಲ್ಲ ಮೊದಲು ಆ ಸದ್ದು ಕೇಳಿಸಿ ಆಮೇಲೆಯೇ ಚಾಪೆ ಹಾಸಲು ಹೋಗುತ್ತಿದ್ದಳು. ನಾನೂ ಹೋಗಿ ಮಕ್ಕಳ ಹಿಂದೆ ಕೂತು ಏಸುಸ್ವಾಮಿಯ ಕತೆ ಕೇಳುತ್ತಿದ್ದೆ. ಕುರಿ ಹುಡುಕಿಕೊಂಡು ಹೋದವನ ಕತೆ ನನಗೆ ಬಹಳ ಹಿಡಿಸಿತ್ತು. ಒಂದೇ ಒಂದು ಕುರಿಗೋಸ್ಕರ ಅಷ್ಟು ಅಲೆಯುವ ದೇವರು ಒಳ್ಳೆಯವನೇ ಇರಬೇಕು ಅಂದುಕೊಂಡಿದ್ದೆ.

ಆಷಾಢದಲ್ಲಿ ಒಂದು ದಿನ ಬೆರಳು ಮಡಚುತ್ತಾ ನನ್ನ ತಿಂಗಳು ಲೆಕ್ಕ ಹಾಕಿದಳು. ಗೌರಿ ಹಬ್ಬದ ಆಚೀಚೆ ಹೆರಿಗೆ. ಆಗ ಅವಳೇ, ನಾವು ಯಾರೂ ಕೇಳದೆ, ಟೀಚರಮ್ಮನ ಕಡೆ ತಿರುಗಿ ಬಹಳ ಹೊತ್ತು ಮಾತಾಡಿದಳು. ಟೀಚರಮ್ಮ ಹೇಳಿದರು: "ನೋವು ಬಂದ ದಿನ ಅವರ ವ್ಯಾನ್ ತರ್ತಾಳಂತೆ. ಹಾಸನದ ದೊಡ್ಡಾಸ್ಪತ್ರೆಗೆ ತಾನೇ ಕರ್ಕೊಂಡು ಹೋಗ್ತಾಳಂತೆ. ನಿನ್ನ ಕೈ ಹಿಡ್ಕೊಂಡು ಜೊತೇಲೇ ಇರ್ತಾಳಂತೆ."

ಅತ್ತೆ ಬಾಯಿಮಾತಿಗೆ ಮಣಿಯುವವರಲ್ಲ. ಒಳಗೆ ಹೋಗಿ ತಟ್ಟೆಯಲ್ಲಿ ಎಲೆ, ಅಡಿಕೆ, ಮೇಲೊಂದು ನಾಣ್ಯ ಇಟ್ಟುಕೊಂಡು ಬಂದರು. "ನಮ್ಮಲ್ಲಿ ಹೆಣ್ಣು ಕೊಡೋ ಮಾತಿಗೂ ಇದೇ, ಎತ್ತಿನ ಮಾತಿಗೂ ಇದೇ. ವೀಳ್ಯ ಹಿಡಿದ ಮ್ಯಾಲೆ ಪ್ರಾಣ ಹೋದ್ರೂ ತಪ್ಪಂಗಿಲ್ಲ. ಅವ್ಳಿಗೆ ಸರಿಯಾಗ್ ಹೇಳ್ರೀ ಟೀಚರಮ್ಮ, ಆಮೇಲ್ ತಿಳೀಲಿಲ್ಲ ಅನ್ಬಾರ್ದು" ಅಂದರು. ಟೀಚರಮ್ಮ ಹೇಳಿದರು. ಹುಡುಗಿ ಎರಡೂ ಕೈ ಜೋಡಿಸಿ, ನಮ್ಮ ಹೆಣ್ಣುಮಕ್ಕಳಿಗಿಂತ ಭಕ್ತಿಯಿಂದ, ಬಾಗಿ ವೀಳ್ಯ ಹಿಡಿದಳು.

ಹದಿನೈದು ದಿನದ ಮೇಲೆ ನಮ್ಮವ್ವ ಗೆಂಡೆಹಳ್ಳಿಯಿಂದ ಬಂದಳು. ನನ್ನನ್ನು ಹೆರಿಗೆಗೆ ಕರೆದುಕೊಂಡು ಹೋಗಲು ಹಸಿರು ಬಳೆ, ಅಕ್ಕಿ, ಬೆಲ್ಲ, ವೀಳ್ಯ ಎಲ್ಲ ತಂದಿದ್ದಳು. ನಾನು ಬರುವುದಿಲ್ಲ ಅಂದೆ. ಆ ಕತ್ತಲೆ ಕೋಣೆ ನೆನೆಸಿಕೊಂಡರೆ ನನಗೆ ಕೈಕಾಲು ತಣ್ಣಗಾಗುತ್ತಿತ್ತು. ಅದನ್ನು ಹೆತ್ತವಳ ಮುಖಕ್ಕೆ ಹೇಳಲಾರದೆ, "ವೀಳ್ಯ ಕೊಟ್ಟಾಗೈತೆ ಅವ್ವ" ಎಂದಷ್ಟೇ ಹೇಳಿದೆ.

ಅವ್ವ ನಂಬಲಿಲ್ಲ. "ಯಾರಿಗೆ?"

ಹೇಳಿದೆ.

"ಹೆತ್ತೋಳು ಹಿಡ್ಕಂಡ್ ಬಂದ ವೀಳ್ಯ ಹಿಂದಕ್ ಹೋಗ್ಬೇಕಾ? ಆ ಕೂದ್ಲು ಕೆದರಿದ ಹುಡ್ಗಿ ನಿಂಗೆ ನನಗಿಂತ ಹೆಚ್ಚಾದ್ಲಾ? ಆಯ್ತು ಕಣವ್ವ. ಇನ್ನು ನಾನಾಗಿ ಕರೆಯಾಕ್ ಬರಾಕಿಲ್ಲ." ಬಳೆ ಮಾತ್ರ ಜಗುಲಿಯ ಮೇಲಿಟ್ಟು, ಉಳಿದದ್ದನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು, ಮಜ್ಜಿಗೆಯನ್ನೂ ಕುಡಿಯದೆ ಬಂದ ಬಸ್ಸಿಗೇ ಹೊರಟಳು.

ಶ್ರಾವಣ ಬಂತು. ಒಂದು ವಾರ ಹುಡುಗಿ ಕಾಣಿಸಲಿಲ್ಲ. ಜ್ವರವೇನೋ ಅಂದುಕೊಂಡೆ. ಶುಂಠಿ, ಮೆಣಸು ಕಟ್ಟಿಕೊಂಡು ಗಂಡನ ಜೊತೆ ಬೆಳಗಿನ ಬಸ್ಸಿಗೆ ಬೇಲೂರಿಗೆ ಹೋದೆ. ಪ್ರಾರ್ಥನೆ ಮನೆಯ ಅಂಗಳದಲ್ಲಿ ಅಡಿಗೆಯವಳು ಹಾಸಿಗೆಗಳನ್ನು ಬಿಸಿಲಿಗೆ ಹಾಕಿ ಕೋಲಿನಿಂದ ಬಡಿಯುತ್ತಿದ್ದಳು.

"ಯಾರು, ಆ ನಗೋ ಹುಡುಗೀನಾ? ಎಲ್ರೂ ಈಗ್ತಾನೆ ಅರಸೀಕೆರೆಗೆ ಹೋದ್ರಲ್ಲಮ್ಮ. ಮಧ್ಯಾಹ್ನದ ರೈಲು. ಅವ್ರ ರಜ ಮುಗೀತು."

"ಯಾವಾಗ್ ಬತ್ತಾಳೆ?"

ಅಡಿಗೆಯವಳು ನನ್ನ ಹೊಟ್ಟೆ ನೋಡಿದಳು, ಮುಖ ನೋಡಿದಳು, ಮತ್ತೆ ಹಾಸಿಗೆ ಬಡಿಯತೊಡಗಿದಳು. "ವರ್ಷಾ ವರ್ಷಾ ಬರ್ತಾರೆ. ಆದ್ರೆ ಬಂದೋರೇ ಮತ್ತೆ ಬರಲ್ಲ."

ಗಂಡ ಮನೆಗೆ ಹೋಗೋಣ ಅಂದರು. ನಾನು ಅರಸೀಕೆರೆಯ ಬಸ್ಸು ಹತ್ತಿ ಕೂತೆ. ಏನೋ ತಪ್ಪಾಗಿದೆ, ಅವಳನ್ನು ಬಲವಂತವಾಗಿ ಕರೆದೊಯ್ಯುತ್ತಿದ್ದಾರೆ, ನನ್ನನ್ನು ಕಂಡರೆ ಇಳಿದೇ ಬರುತ್ತಾಳೆ, ಹೀಗೇ ದಾರಿಯುದ್ದಕ್ಕೂ. ಗುಂಡಿ ಬಂದಾಗಲೆಲ್ಲ ಹೊಟ್ಟೆಯನ್ನು ಎರಡು ಕೈಯಲ್ಲಿ ಎತ್ತಿ ಹಿಡಿದುಕೊಳ್ಳುತ್ತಿದ್ದೆ.

ಸ್ಟೇಷನ್ನಿನಲ್ಲಿ ಅವರು ಪೆಟ್ಟಿಗೆಗಳ ಮೇಲೆ ಕೂತು ಹಾಡುತ್ತಿದ್ದರು. ಅವಳು ನನ್ನನ್ನು ಕಂಡಕೂಡಲೇ ಓಡಿ ಬಂದು ತಬ್ಬಿಕೊಂಡಳು. ಅಳುತ್ತಲೇ ಏನೇನೋ ಹೇಳಿದಳು. ಬೀಳ್ಕೊಡಲು ಬಂದಿದ್ದ ಟೀಚರಮ್ಮನ ಕಡೆ ನೋಡಿದೆ.

"ನೀನು ಬಂದಿದ್ದು ಬಹಳ ಸಂತೋಷ ಅಂತಾಳೆ. ನಿನ್ನನ್ನ ಮರೆಯಲ್ವಂತೆ. ಏಸುಸ್ವಾಮಿ ನಿನ್ನ ಜೊತೆ ಇರ್ತಾನೆ ಅಂತಾಳೆ."

"ಅವ್ನು ಇರ್ಲಿ ಕಣ್ರೀ" ಅಂದೆ. "ಇರ್ತೀನಿ ಅಂದಿದ್ದು ಇವ್ಳು."

ಟೀಚರಮ್ಮ ಅದನ್ನು ತಿರುಗಿಸಿ ಹೇಳಲಿಲ್ಲ. ನನ್ನ ಗಂಡ, ದನಿ ಎತ್ತದ ಮನುಷ್ಯ, ಅವತ್ತು ಎತ್ತಿದರು: "ಹೋಗಾ ದಿನ ಅವ್ಳಿಗೆ ಯಾವಾಗ ಗೊತ್ತಾಯ್ತು, ಅದನ್ನ ಹೇಳಿ ಮೊದ್ಲು."

"ಅದು ಬರುವಾಗಲೇ ಗೊತ್ತಿರುತ್ತೆ. ಟಿಕೆಟ್ ಅಲ್ಲಿಂದಲೇ ಮಾಡಿಸಿರ್ತಾರೆ."

"ವೀಳ್ಯ ಹಿಡಿಯೋವಾಗ್ಲೂ ಗೊತ್ತಿತ್ತಾ? ನಿಮ್ಗೂ ಗೊತ್ತಿತ್ತಾ?"

ಟೀಚರಮ್ಮ ಸೆರಗಿನ ಅಂಚು ಹಿಂಡುತ್ತಾ ನಿಂತರು. "ನಿಮ್ಮಮ್ಮ ತಟ್ಟೆ ಹಿಡ್ಕೊಂಡು ಎದುರಿಗೇ ನಿಂತಿದ್ರಲ್ಲ, ಹೇಗಪ್ಪ ಬೇಡ ಅನ್ನೋದು? ಅವಳಿಗೆ ಕೆಟ್ಟ ಮನಸ್ಸಿಲ್ಲ. ನಿಜವಾಗಲೂ ಇರಬೇಕು ಅಂತಲೇ ಇತ್ತು." ಆಮೇಲೆ ನನ್ನನ್ನು ಸಮಾಧಾನ ಮಾಡಲೆಂದೇ ಹೇಳಿದರು: "ತಾನು ಹೊರಡೋದ್ರೊಳಗೆ ನಿನ್ನ ಹೆರಿಗೆ ಆಗಿಬಿಡ್ಲಿ ಅಂತ ದಿನಾ ಮಂಡಿಯೂರಿ ಪ್ರಾರ್ಥನೆ ಮಾಡ್ತಿದ್ಳು ಕಣಮ್ಮ. ನಾನೇ ಕಣ್ಣಾರೆ ಕಂಡಿದ್ದೀನಿ."

ಮೊದಲು ನನಗೆ ಅರ್ಥವಾಗಲಿಲ್ಲ. ಅರ್ಥವಾದಾಗ ನನ್ನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ದಿನ ತುಂಬದೆ ಹುಟ್ಟಿದ ಎರಡು ಕೂಸುಗಳನ್ನು ಮಣ್ಣಿಗೆ ಕೊಟ್ಟವಳು ನಾನು. ಇನ್ನೊಂದು ದಿನ ನಿಲ್ಲಲಿ, ಇನ್ನೊಂದು ದಿನ ನಿಲ್ಲಲಿ ಎಂದು ನಾನು ಬೇಡಿಕೊಳ್ಳುತ್ತಿದ್ದ ಹೊತ್ತಿನಲ್ಲಿ, ಅದೇ ಮಗು ಬೇಗ ಬರಲಿ ಎಂದು ಅವಳು ಬೇಡುತ್ತಿದ್ದಳು, ತನ್ನ ರೈಲಿಗೆ ಹೊಂದುವ ಹಾಗೆ! ಜಗುಲಿಯ ಮೇಲೆ ನನ್ನ ಮಗುವಿನ ಎದೆಬಡಿತ ಕೇಳಿ, ಹೋಗಿ ಇದನ್ನು ಬೇಡುತ್ತಿದ್ದಳು.

ಹುಡುಗಿ ಮತ್ತೆ ನನ್ನ ಹೊಟ್ಟೆ ಮುಟ್ಟಲು ಕೈ ಚಾಚಿದಳು. ನಾನು ಆ ಕೈಯನ್ನು ಹಿಡಿದು ಪಕ್ಕಕ್ಕೆ ಸರಿಸಿದೆ. ಅವಳಿಗೆ ಯಾಕೆಂದು ತಿಳಿಯಲಿಲ್ಲ. ರೈಲು ಬಂತು. ನಾನು ಅವಳು ಹತ್ತುವುದನ್ನು ನೋಡಲಿಲ್ಲ.

ಮಾದಿಹಳ್ಳಿಗೆ ಹೋಗಲು ಮನಸ್ಸಾಗಲಿಲ್ಲ. ಗಂಡನಿಗೆ ಗೆಂಡೆಹಳ್ಳಿ ಅಂದೆ. ಕರೆಯಲು ಬಂದಾಗ ಹೋಗದೆ, ಕರೆಯದೆ ತಾನಾಗಿ ತವರಿನ ಬಾಗಿಲಿಗೆ ಹೋಗಿ ನಿಲ್ಲುವ ಬಸುರಿಯನ್ನು ಊರು ಏನೆನ್ನುತ್ತದೆ ಎಂದು ನನಗೆ ಗೊತ್ತಿತ್ತು. ಅವ್ವ ಅಂಗಳದಲ್ಲಿ ಹುರುಳಿ ಕೇರುತ್ತಿದ್ದಳು. ತಲೆ ಎತ್ತಿ ನೋಡಿ ಮೊರ ಕೆಳಗಿಟ್ಟಳು.

"ವ್ಯಾನ್ ಬರ್ಲಿಲ್ವೇನವ್ವ?"

ನಾನು ಜಗುಲಿಯ ಮೇಲೆ ಕೂತು ಕಾಲು ಚಾಚಿದೆ. ಅವ್ವ ನನ್ನ ಕಾಲು ಬಾತಿರುವುದನ್ನು ನೋಡಿದಳು. ಒಳಗೆ ಹೋಗಿ ಬಿಸಿನೀರು ತಂದಳು. ಕಾಲು ತೊಳೆಯುತ್ತಾ, ನನ್ನ ಮುಖ ನೋಡದೆ ಅಂದಳು: "ಆ ಕೋಣೆಗೆ ಹೆದ್ರಿದ್ದೆ ಅಂತ ಹೇಳಿದ್ರೆ ಆಗ್ತಿರ್ಲಿಲ್ವಾ? ನಾನೇನ್ ಕಲ್ಲಾ? ನಂಗೂ ಅಲ್ಲಿ ನಿದ್ದೆ ಬರಾಕಿಲ್ಲ ಕಣೆ." ಅಷ್ಟರವರೆಗೆ ತಡೆದುಕೊಂಡಿದ್ದೆ. ಆಮೇಲೆ ಆಗಲಿಲ್ಲ.

ನನ್ನ ಹಾಸಿಗೆಯನ್ನು ಅವ್ವ ನಡುಮನೆಯಲ್ಲೇ ಹಾಕಿದಳು. ಗೌರಿ ಹಬ್ಬ ಕಳೆಯಿತು. ಮಗು ಹೊಟ್ಟೆಯಲ್ಲೇ ಇತ್ತು. ಗಣಪತಿ ನೀರಿಗೆ ಹೋದ, ಆಗಲೂ ಇತ್ತು. ಒಂದು ಬೆಳಿಗ್ಗೆ ನೋವು ಬಂದಾಗ ಅವ್ವ ರಸ್ತೆಗೆ ಓಡಿ ಡೈರಿಯ ಹಾಲಿನ ವ್ಯಾನನ್ನು ಅಡ್ಡಹಾಕಿದಳು. ಡ್ರೈವರು, "ಅಯ್ಯೋ, ಹಾಲು ಒಡೆದೋಗ್ತದೆ ಅಜ್ಜಿ" ಅಂದ. "ನಿನ್ ಹಾಲು ನಾಳೆನೂ ಕರಿತಾರೆ, ತೆಗಿಯೋ ಬಾಗ್ಲು" ಅಂದಳು. ಕ್ಯಾನುಗಳ ನಡುವೆ ಅವ್ವನ ತೊಡೆಯ ಮೇಲೆ ತಲೆಯಿಟ್ಟು ಬೇಲೂರಿನ ಆಸ್ಪತ್ರೆ ಸೇರಿದೆ. ಹನ್ನೆರಡರ ಬಿಸಿಲಿಗೆ ಮಗಳು ಹುಟ್ಟಿದಳು. ಗುಂಡಗೆ, ದಿನ ತುಂಬಿದ ಮಗು. ಅವಳ ಕೂಗು ಕೇಳಿ ಅವ್ವ ಹೊರಗೆ ಬಂದು ಸಿಕ್ಕಿದವರಿಗೆಲ್ಲ ಹೇಳಿದಳಂತೆ. ಈ ಕಾಯಿಲೆ ನಮ್ಮ ವಂಶದ್ದು.

ಮುಂದಿನ ವರ್ಷ ಅದೇ ಜಿಟಿಜಿಟಿಯಲ್ಲಿ ಇನ್ನೊಬ್ಬಳು ಬಂದಳು. ಟೀಚರಮ್ಮ ಅವಳನ್ನು ನೇರ ನಮ್ಮ ಮನೆಗೇ ಕರೆತಂದರು. ನಾನು ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಾಗಿಲಲ್ಲಿ ನಿಂತಿದ್ದೆ.

"ಹೋದ ವರ್ಷದವಳು ಇವಳಿಗೆ ಹೇಳಿ ಕಳಿಸಿದ್ದಾಳಮ್ಮ. ಅವರ ಊರಿನ ಚರ್ಚಿನಲ್ಲಿ ಎಲ್ಲರೂ ನಿನಗಾಗಿ ಪ್ರಾರ್ಥನೆ ಮಾಡಿದ್ರಂತೆ. ಆ ಪ್ರಾರ್ಥನೆಯ ಮಗು ಇದೇನಾ ಅಂತ ಕೇಳ್ತಾಳೆ. ಒಂದು ಸಲ ಎತ್ಕೋಬೇಕಂತೆ."

ಹೊಸ ಹುಡುಗಿ ಆಗಲೇ ಎರಡೂ ಕೈ ಚಾಚಿದ್ದಳು. ಮುಖ ತುಂಬ ನಗು. ಪಾಪ, ಅವಳಿಗೇನು ಗೊತ್ತು ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಲಿಲ್ಲ, ಸುಳ್ಳು ಹೇಳುವುದಿಲ್ಲ.

"ಯಾವಾಗ ಹುಟ್ಲಿ ಅಂತ ಬೇಡ್ಕಂಡ್ರು, ಕೇಳಿ" ಅಂದೆ.

ಟೀಚರಮ್ಮ ಇದನ್ನೂ ತಿರುಗಿಸಿ ಹೇಳಲಿಲ್ಲ. ಹುಡುಗಿಯ ಕೈ ಚಾಚಿಯೇ ಇತ್ತು. ನನ್ನ ಮಗಳು, ಎಲ್ಲರ ಹತ್ತಿರವೂ ಹೋಗುವ ಮಗು, ಅವಳ ಕಡೆ ಬಗ್ಗಿದಳು. ನಾನು ಅವಳನ್ನು ಆಚೆಯ ಸೊಂಟಕ್ಕೆ ಬದಲಾಯಿಸಿಕೊಂಡು ಒಳಗೆ ಹೋದೆ.